ಕಡಿಮೆ ಬಿದ್ದ ತೊಂಬತ್ತು ಯೂನಿಟ್ಟು

ಬೋರಗಾಂವದ ಅಪ್ಪಾಸಾಬ ಯಾರ ಮನೆಗೆ ಹೋದರೂ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು, ತಿರುಗುವ ಫ್ಯಾನನ್ನೂ, ಹಗಲಲ್ಲೇ ಉರಿಯುವ ಬಲ್ಬನ್ನೂ, ಮೂಲೆಯಲ್ಲಿ ಗುರುಗುಟ್ಟುವ ಫ್ರಿಜ್ಜನ್ನೂ ಕಣ್ಣಿನಿಂದಲೇ ತೂಗಿ, ತುಟಿಯೊಳಗೆ ಏನನ್ನೋ ಗುಣಿಸಿ, ಆಮೇಲೆ "ಆರಾಮ ಅದೀರಿ?" ಎಂದು ಕೇಳುತ್ತಿದ್ದ. ಅವನು ಬರುವುದು ಕಂಡರೆ ಓಣಿಯ ಹೆಂಗಸರು ಲಗುಬಗೆಯಿಂದ ಒಂದೆರಡು ಸ್ವಿಚ್ಚು ಆರಿಸಿಬಿಡುತ್ತಿದ್ದರು.

ಅವನದು ಪವರ್‌ಲೂಮ್ ರಿಪೇರಿಯ ಕೆಲಸ. ಎಣ್ಣೆಯ ಕಲೆ ಬಿದ್ದ ಖಾಕಿ ಕೋಟು, ಕಿವಿಯ ಹಿಂದೆ ಮೋಟು ಪೆನ್ಸಿಲು, ಎಡಭುಜ ತುಸು ತಗ್ಗಿಸಿದ ನಡಿಗೆ. ವಾರದ ಏಳೂ ದಿನ ಬೆಳಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಐದೂವರೆಗೆ ಮರಳುವ ಅವನ ಕ್ರಮ ಎಂದೂ ತಪ್ಪಿದ್ದಲ್ಲ. ಮನೆಯ ಒಂದೊಂದು ಸ್ವಿಚ್ಚಿನ ಮೇಲೂ ಗೋಡೆಗೆ ಅವನದೇ ಅಕ್ಷರ: ಫ್ಯಾನು, ಹದಿಮೂರು ತಾಸಿಗೆ ಒಂದು ಯೂನಿಟ್, ಮಿಕ್ಸರು, ಎರಡು ತಾಸಿಗೆ, ಇಸ್ತ್ರಿ, ಒಂದೇ ತಾಸಿಗೆ. ಹೆಂಡತಿ ಕಸ್ತೂರೆವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಕಿ ಕಲಿತದ್ದು ಆ ಗೋಡೆಯ ಮೇಲೆಯೇ. "ನನ್ನ ಸಂಸಾರ ಇವರ ಕೂಡ ಅಲ್ಲವ್ವಾ, ಮೀಟರಿನ ಕೂಡ" ಎಂದು ನಗುತ್ತಿದ್ದಳು.

ನಿಪ್ಪಾಣಿಯ ವಖಾರಿಯಲ್ಲಿ, ಆ ಗೋದಾಮಿನ ದೂಳಿನಲ್ಲಿ, ಇಪ್ಪತ್ತು ವರ್ಷ ತಂಬಾಕು ಸೋಸಿದ ಕಸ್ತೂರೆವ್ವನ ಎದೆ ಕೊನೆಗೂ ಸೋತಿತು. ಉಸಿರಿಗೆ ಆಧಾರವಾಗಿ ಆಕ್ಸಿಜನ್ ಮಶಿನು ಮನೆಗೆ ಬಂತು. ಹಗಲೂ ರಾತ್ರಿ ಚಾಲೂ ಇರಬೇಕೆಂದು ಡಾಕ್ಟರು ಎರಡೆರಡು ಬಾರಿ ಹೇಳಿದ್ದರು. ಅದರ ಸ್ವಿಚ್ಚಿನ ಮೇಲೆ ಮಾತ್ರ ಅಪ್ಪಾಸಾಬ ಏನನ್ನೂ ಬರೆಯಲಿಲ್ಲ.

"ಇದರ ಲೆಕ್ಕ ನನಗೂ ಬ್ಯಾಡ, ನಿನಗೂ ಬ್ಯಾಡ. ನೀ ಉಸಿರಾಡು, ಅಷ್ಟ ಸಾಕು" ಅಂದ.

ಗೋಡೆ ಸುಮ್ಮನಿತ್ತು, ಆದರೆ ಜನ್ಮದ ಚಟ ಸುಮ್ಮನಿರಬೇಕಲ್ಲ. ತಿಂಗಳ ಕೊನೆಗೆ ಅವನ ಮನಸ್ಸು ತಾನಾಗಿ ಕೂಡಿಸಿತು: ಮಶಿನಿಗೆ ಇನ್ನೂರೈವತ್ತು, ಉಳಿದದ್ದಕ್ಕೆ ಅರವತ್ತು. ಮುನ್ನೂರಾ ಹತ್ತು ಯೂನಿಟ್ ಆಗಬೇಕಾಗಿತ್ತು. ಮೀಟರು ತೋರಿಸಿದ್ದು ಇನ್ನೂರಿಪ್ಪತ್ತು. ಬೇರೆಯವರಾಗಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದರು. ಇವನು ಕೋಟು ತೊಟ್ಟು ಕರೆಂಟಿನ ಆಫೀಸಿಗೆ ನಡೆದ.

"ಮೀಟರ್ ಸಾವಕಾಶ ಓಡಾಕತ್ತೈತ್ರಿ. ಚೆಕ್ ಮಾಡ್ರಿ."

"ಕಾಕಾ, ಬಿಲ್ ಕಮ್ಮಿ ಬಂತಂತ ತಕರಾರ ಮಾಡಾವ್ರು ನೀವೊಬ್ರ ನೋಡ್ರಿ" ಎಂದು ಅಲ್ಲಿಯ ಗುಮಾಸ್ತ ನಕ್ಕ.

ಆದರೂ ಲೈನ್‌ಮನ್ ಬಂದು ಪರೀಕ್ಷಿಸಿದ. ಮೀಟರು ಸರಿಯಾಗಿಯೇ ಇತ್ತು.

ಅಪ್ಪಾಸಾಬ ಕಟ್ಟೆಯ ಮೇಲೆ ಕುಳಿತು ಪೆನ್ಸಿಲು ತೆಗೆದ. ತೊಂಬತ್ತು ಯೂನಿಟ್ಟನ್ನು ಮಶಿನಿನ ತಾಸುಗಳಾಗಿ ಬಿಡಿಸಿದ. ಅದನ್ನು ಮೂವತ್ತು ದಿನಕ್ಕೆ ಹಂಚಿದ. ದಿನಕ್ಕೆ ಎಂಟೂವರೆ ತಾಸು ಬಂತು. ಒಂಬತ್ತರಿಂದ ಐದೂವರೆ. ಪೆನ್ಸಿಲನ್ನು ಕಟ್ಟೆಯ ಮೇಲೆಯೇ ಬಿಟ್ಟು ಎದ್ದ.

ಒಳಗೆ ಹೋಗಿ ಕೇಳಿದ: "ನಾ ಕೆಲಸಕ್ಕ ಹೋದ ಮ್ಯಾಲ ಬಂದ್ ಮಾಡ್ತಿದ್ದೇನು?"

ಕಸ್ತೂರೆವ್ವ ಸಿಕ್ಕಿಬಿದ್ದವರ ಹಾಗೆ ನಕ್ಕಳು. "ಕುಂತಲ್ಲೇ ಕುಂತಾಕಿಗಿ ಗಾಳಿ ಎಷ್ಟ ಬೇಕ್ರಿ? ಹತ್ತಿರ ಹತ್ತಿರ ಮೂರ ತಾಸಿಗಿ ಒಂದ್ ಯೂನಿಟ್ ತಿಂತೈತಿ ಅದು. ಮಶಿನಿಗಿ ಹಚ್ಚಿದ ಚೀಟಿ ಮ್ಯಾಲಿನ ಅಂಕಿ ನೋಡಿ ನಾನ ಲೆಕ್ಕ ಹಾಕೀನಿ. ಬರೋಬ್ಬರಿ ಐತಿಲ್ರಿ?"

ಬರೋಬ್ಬರಿ ಇತ್ತು. ಮರುದಿನದಿಂದ ಕೆಲಸ ಬಿಟ್ಟು ಸ್ವಿಚ್ಚಿನ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತ. ಆದರೆ ತಿಂಗಳಿಡೀ ಹಗಲೆಲ್ಲ ಗಾಳಿಗಾಗಿ ಒದ್ದಾಡಿದ ಹೃದಯ ಆಗಲೇ ದಣಿದುಹೋಗಿತ್ತು. ಎರಡು ತಿಂಗಳಿಗೆ ಅವಳು ತೀರಿಕೊಂಡಳು.

ಈಗಲೂ ಅಪ್ಪಾಸಾಬ ಬಂದರೆ ಹೆಂಗಸರು ಹಳೆಯ ರೂಢಿಯಂತೆ ಫ್ಯಾನು ಆರಿಸುತ್ತಾರೆ. ಅವನೇ ಎದ್ದು ಹೋಗಿ ಮತ್ತೆ ಹಚ್ಚುತ್ತಾನೆ. "ತಿರುಗ್ಲಿ ಬಿಡವ್ವಾ" ಅನ್ನುತ್ತಾನೆ.

ಮಿತವ್ಯಯಿಗಳನ್ನು ಲೋಕ ಜಿಪುಣರೆಂದು ನಗುತ್ತದೆ. ಜಿಪುಣತನವಲ್ಲ ಅದು, ತಮ್ಮವರ ನಾಳೆಗಾಗಿ ಇವತ್ತನ್ನು ಕೊಂಚ ಕೊಂಚವಾಗಿ ಎತ್ತಿಡುವ ಮಮತೆ. ಆದರೆ ಇಂಥವರು ಬದುಕಿಡೀ ಕಲಿಸಿದ ಪಾಠವನ್ನು, ಒಂದು ದಿನ ಬೇಡವೆಂದ ಮಾತ್ರಕ್ಕೆ, ಮನೆಯವರು ಮರೆಯುವುದಿಲ್ಲ. ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರೇ ಆ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿರುತ್ತಾರೆ.