ಹೊಗೆ ಕಂಡು ಬಂದವರು

"ಬರೀ ಒಣ ಕಟ್ಟಿಗೆ ಒಟ್ಟಿದ್ರೆ ಉರಿಯತ್ತೆ ಅಷ್ಟೆ ಮಗಾ. ಹಸಿ ಸೊಪ್ಪು ಹಾಕು, ಹೊಗೆ ಏಳತ್ತೆ. ನಿಮ್ಮ ಹಡಗನ್ನ ನಾನು ಹಾಗೇ ಕರೆದಿದ್ದು" ಎಂದಳು ಅಜ್ಜಿ.

ಅಡುಗೆಯವನು ಸೊಪ್ಪಿನ ಹೊರೆ ಹಿಡಿದು ನಿಂತುಬಿಟ್ಟ. ಹಡಗು ಒಡೆದು ಆರು ತಿಂಗಳಾಗಿತ್ತು. ಹದಿಮೂರು ಜನರಲ್ಲಿ ದಡ ಮುಟ್ಟಿದವರು ಅವನು ಮತ್ತು ಇಂಜಿನ್ ಮೇಸ್ತ್ರಿ ಇಬ್ಬರೇ. ದ್ವೀಪದಲ್ಲಿ ಒಂಟಿಯಾಗಿದ್ದ ಈ ಅಜ್ಜಿ ಅವರನ್ನು ಹೆತ್ತ ತಾಯಿಯಂತೆ ಆರೈಕೆ ಮಾಡಿ ಉಳಿಸಿಕೊಂಡಿದ್ದಳು.

"ನೀನಾ ಕರೆದಿದ್ದು? ನೀರಿನಡಿ ಬಂಡೆ ಇರೋದು ನಿಂಗೆ ಗೊತ್ತಿತ್ತಲ್ಲ!"

"ಗೊತ್ತಿಲ್ದೆ ಏನು? ನಮ್ಮ ಯಜಮಾನ್ರು ಜನ ಕರ್ಕೊಂಡು ಬರ್ತೀನಿ ಅಂತ ದೋಣಿ ಹತ್ತಿ ಮೂವತ್ತು ವರ್ಷ ಆಯ್ತು. ಯಾವ ಹಡಗಲ್ಲಿ ಬರ್ತಾರೋ ಯಾರಿಗೆ ಗೊತ್ತು? ಕಂಡ ಹಡಗನ್ನ ಸುಮ್ನೆ ಹೋಗಕ್ಕೆ ಬಿಡಕ್ಕಾಗತ್ತಾ?"

ಮುದುಕಿಯ ಕತ್ತು ಹಿಸುಕಬೇಕೆನ್ನಿಸಿತು ಅವನಿಗೆ. ಅಯ್ಯೋ, ಹನ್ನೊಂದು ಜೀವ! ಉಪ್ಪು ಜಾಸ್ತಿಯಾಯಿತೆಂದು ದಿನಾ ಜಗಳ ತೆಗೆದು, ಮತ್ತೆ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದವರು.

ಅಷ್ಟರಲ್ಲಿ ಮೇಸ್ತ್ರಿ ಗುಡ್ಡದಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. "ಹಡಗು ಕಣೋ! ಗರ ಬಡಿದೋನ ಥರ ನಿಂತಿದೀಯಲ್ಲ, ಹಾಕೋ ಸೊಪ್ಪು!"

ಮಧ್ಯಾಹ್ನದ ಕಡಲಿನಲ್ಲಿ ಬಿಳಿ ಹಡಗೊಂದು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

"ಬಂಡೆ ಇದೆಯಲ್ಲೋ ಮಾರಾಯ. ಅವರಿಗೂ ನಮ್ಮ ಗತೀನೇ ಆದ್ರೆ?"

"ಅವರೇನು ಕಣ್ಣು ಮುಚ್ಕೊಂಡು ಬರ್ತಾರಾ? ನಿನ್ನ ಮಗು ಮುಖ ನೋಡೋದು ಬೇಡ್ವಾ ನಿಂಗೆ?"

ಬೇಕಿತ್ತು. ಅವನು ಮನೆ ಬಿಟ್ಟಾಗ ಹೆಂಡತಿಗೆ ಏಳು ತಿಂಗಳು. ಗಂಡೋ ಹೆಣ್ಣೋ, ಅದೂ ತಿಳಿಯದು. ಈಗ ಮಗುಚಿಕೊಳ್ಳುತ್ತಿರಬಹುದು. ನಿನ್ನ ಗಂಡ ನೀರುಪಾಲಾದ ಎಂದು ಯಾರೋ ಅವಳಿಗೆ ಹೇಳಿಯೂ ಇರಬಹುದು. ಹತ್ತಿರ ಬಂದಮೇಲೆ ಕೂಗಿ ಎಚ್ಚರಿಸಿದರಾಯಿತು, ತನಗೇನು ಗಂಟಲಿಲ್ಲವೇ ಎಂದುಕೊಂಡು ಹೊರೆಯನ್ನು ಪೂರ್ತಿ ಬೆಂಕಿಗೆ ಹಾಕಿದ.

ಹೊಗೆ ದಟ್ಟವಾಗಿ ಎದ್ದಿತು. ಹಡಗು ನಿಧಾನವಾಗಿ ದ್ವೀಪದ ಕಡೆ ತಿರುಗಿತು. ಮೇಸ್ತ್ರಿ ಅಳುತ್ತ ಕುಣಿದಾಡಿದ.

"ಬಂಡೆ ಇದೆ ಅಂತ ನಾನು ಕೂಗಿ ಹೇಳ್ತೀನಿ ಅಜ್ಜಿ."

"ನಿಮಗೆ ನಾನೂ ಕೂಗಿದ್ದೆ ಮಗಾ. ಕೈ ಬೀಸಿ ಬೀಸಿ ಬೇಡ ಅಂದೆ. ನೀವೂ ಕೈ ಬೀಸಿದ್ರಿ."

ಅವನಿಗೆ ನೆನಪಾಯಿತು. ದಡದಲ್ಲೊಂದು ಹೆಂಗಸು ಕಂಡಿತ್ತು, ಎಲ್ಲರಿಗಿಂತ ಮೊದಲು ಸೌಟು ಬೀಸಿದವನು ತಾನೇ.

ಅವನು ಎದೆಮಟ್ಟದ ನೀರಿಗೆ ಓಡಿ, ಎರಡೂ ಕೈ ಆಡಿಸುತ್ತ, ಗಂಟಲು ಹರಿಯುವಂತೆ ಕೂಗಿದ. ಡೆಕ್ಕಿನ ಮೇಲೆ ಯಾರೋ ಸಂತೋಷದಿಂದ ಟವೆಲ್ ಬೀಸಿದರು. ಹಿಂದೆ, ಗುಡಿಸಲಿನ ಬಾಗಿಲಲ್ಲಿ ಅಜ್ಜಿ ಬರುವ ಹಡಗನ್ನೇ ನೋಡುತ್ತ, ತಲೆ ಬಿಚ್ಚಿ ಬಾಚಿಕೊಳ್ಳುತ್ತ ಕುಳಿತಿದ್ದಳು.