ಕಮೊಮೆಯ ಹಾರ್ನ್

ಶವಪೆಟ್ಟಿಗೆಯಲ್ಲಿ ಗಂಡನ ಕಿವಿಯ ಪಕ್ಕ ಬಿಳಿ ಸೇವಂತಿಗೆ ಇಡುತ್ತಿದ್ದ ಫುಸಾಏ ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ಶವವಾಹನದ ಚಾಲಕನನ್ನು ಕೇಳಿದಳು. "ಹೊರಡೋವಾಗ ಹಾರ್ನ್ ಹೊಡೀತೀಯಲ್ಲಪ್ಪ?"

ಚಾಲಕ ಸೊಂಟ ಬಗ್ಗಿಸಿದ. "ಬೇಜಾರು ಮಾಡ್ಕೋಬೇಡಿ ಅಮ್ಮ. ಈಗ ಹೊಡೆಯೋ ಹಾಗಿಲ್ಲ. ಅಕ್ಕಪಕ್ಕದೋರು ದೂರು ಕೊಡ್ತಾರೆ. ತಲೆಬಾಗಿ ಹೊರಟುಬಿಡ್ತೀವಿ."

"ಮೊದಲೆಲ್ಲ ಕೊನೇ ವಿದಾಯ ಅಂತ ಉದ್ದಕ್ಕೆ ಹೊಡೀತಿದ್ರಲ್ಲ."

"ಮೊದಲು ಹೊಡೀತಿದ್ವಿ."

ಫುಸಾಏಯ ಮುಖ ಬಾಡಿತು. ಹೆಂಡತಿಯಾದವಳು ಚಿತಾಗಾರದವರೆಗೆ ಹೋಗುವುದು ಆ ಕೇರಿಯ ವಾಡಿಕೆಯಲ್ಲ. ಅವಳ ಪಾಲಿಗೆ ಗಂಡ ತೊಕುಜಿ ಹೊಸ್ತಿಲಲ್ಲೇ ಮುಗಿಯುತ್ತಾನೆ. ಕಾರ್ಖಾನೆಯಲ್ಲಿ ಬದುಕಿಡೀ ಗಾಡಿಗಳಿಗೆ ಹಾರ್ನ್ ಕೂರಿಸಿದ ಮನುಷ್ಯ, ಬಾಯಿಲ್ಲದವನ ಹಾಗೆ ಹೋಗಬೇಕೆ?

"ಅಲ್ಲಿ ನೋಡಿ ಅತ್ತಿಗೆ," ಎಂದ ಇವಾಮೊತೊ. ತೊಕುಜಿಯ ಪಕ್ಕದಲ್ಲೇ ನಿಂತು ದುಡಿದ ಗೆಳೆಯ. ಕಂಪನಿ ಕಳಿಸಿದ ಹೂವಿನ ಮೇಲಿನ ಹೆಸರುಹಲಗೆಯತ್ತ ಗದ್ದ ಚಾಚಿದ್ದ. "ಕಮೊಮೆ ಅಂತಿಲ್ಲ, ಹೊಸ ಕಂಪನಿ ಹೆಸರು. ನಮ್ಮವನು ಎದ್ದು ಬಂದು ಕಿತ್ತು ಬಿಸಾಕದಿದ್ರೆ ಸಾಕು."

"ಮೊನ್ನೆವರೆಗೂ ಇವರು ಫೋನ್ ಎತ್ತಿದ್ರೆ 'ಕಮೊಮೆಯ ತೊಕುಜಿ' ಅಂತಲೇ ಅಂತಿದ್ರು," ಎನ್ನುವಾಗ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

*

ಕಮೊಮೆ ಎಂದರೆ ಕಡಲಹಕ್ಕಿ; ಆ ಹೆಸರಿನ ಕಂಪನಿ ಮೊದಲು ಮಾಡುತ್ತಿದ್ದುದು ಮೀನುದೋಣಿಯ ಎಂಜಿನ್. ಯುದ್ಧ ಮುಗಿದ ಮೇಲೆ ಮೂರು ಗಾಲಿಯ ಟ್ರಕ್ಕಿಗೆ ಕೈಹಾಕಿತು. ಮಿಹಾರ ಊರಿನ ಕಿತ್ತಳೆ ತೋಟದ ಗುಡ್ಡಗಳಲ್ಲೆಲ್ಲ ಅವೇ ಏದುಸಿರು ಬಿಡುತ್ತ ಹತ್ತಿದವು. ಆಮೇಲೆ ಪುಟ್ಟ ಕಾರು ಬಂತು. ಕೊನೆಗೆ ಟೋಕಿಯೊದ ದೊಡ್ಡ ಕಂಪನಿಯೊಂದು ಎಲ್ಲವನ್ನೂ ಕೊಂಡುಕೊಂಡು, ಬಾನೆಟ್ಟಿನ ಮೇಲಿದ್ದ ಕಡಲಹಕ್ಕಿಯನ್ನು ತೆಗೆಸಿತು. ಹಾರ್ನನ್ನೂ ಬದಲಾಯಿಸಿತು.

ತೊಕುಜಿ ಮಾತ್ರ ಹಳೆಯ ಮೂರು ಗಾಲಿಯ ಟ್ರಕ್ಕಿನಲ್ಲೇ ಮನೆಗೆ ಬರುತ್ತಿದ್ದ. ತೋಫು ಅಂಗಡಿಯ ತಿರುವಿನಲ್ಲಿ ಎರಡು ಗಿಡ್ಡ, ಒಂದು ಉದ್ದ. ನೆಗಡಿಯಾದ ಗಂಟಲಿನಂಥ ಹಾರ್ನ್. ಅದು ಕೇಳಿದೊಡನೆ ಫುಸಾಏ ಮಿಸೊ ಸಾರಿನಡಿ ಒಲೆ ಹಚ್ಚುತ್ತಿದ್ದಳು.

"ಊರಿಗೆಲ್ಲ ಕೇಳೋ ಹಾಗೆ ಯಾಕೆ ಹೊಡೀತೀರಿ?"

"ಊರಿಗಲ್ಲ ಕಣೇ, ಸಾರಿಗೆ ಹೊಡೆದೆ. ತಣ್ಣಗಿದ್ರೆ ಉಣ್ಣೋರು ಯಾರು?"

ತೊಕುಜಿಯ ಕಣ್ಣು ಮಂಜಾದ ಮೇಲೆ ಟ್ರಕ್ಕು ತಿರುವಿನ ಷೆಡ್ಡು ಸೇರಿತು. ಓಡಿಸದಿದ್ದರೂ ಬ್ಯಾಟರಿ ಸಾಯಲು ಅವನು ಬಿಡಲಿಲ್ಲ. ದಿನವಿಡೀ ಗಂಡ ಕಣ್ಣೆದುರಿಗೇ ಕೂತಿದ್ದರೂ ಸಂಜೆಯಾದರೆ ಆ ಸದ್ದಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು. ನಕ್ಕಾನೆಂದು ಹೇಳಿರಲಿಲ್ಲ.

*

ಮಗಳು ಮಿಚಿಯೊ ತಂದೆಯ ಚಿತ್ರ ಹಿಡಿದು ವಾಹನದಲ್ಲಿ ಕೂತಳು. ನೆರೆಮನೆಯ ಮುದುಕಿ ಒಕಾನೊ, ತೊಕುಜಿಯ ಅನ್ನದ ಬಟ್ಟಲನ್ನು ಫುಸಾಏಯ ಕೈಗಿತ್ತಳು.

"ಗಾಡಿ ಹೊರಟ ತಕ್ಷಣ ಹೊಸ್ತಿಲಿಗೆ ಒಡೀಬೇಕು ಕಣಮ್ಮ. ಇಲ್ಲಾಂದ್ರೆ ಊಟಕ್ಕೆ ಅಂತ ತಿರುಗಿ ಬಂದ್ಬಿಡ್ತಾನೆ."

"ಗೊತ್ತಕ್ಕ."

ಚಾಲಕ ತಲೆಬಾಗಿದ. ವಾಹನ ಸದ್ದಿಲ್ಲದೆ ಜಾರಿತು. ಕೇರಿಯವರು ಕೈಮುಗಿದು ನಿಂತರು. ಫುಸಾಏ ಬಟ್ಟಲನ್ನು ಮೇಲೆತ್ತಿದಳು.

"ಇವಾಮೊತೊ ಎಲ್ಲಿ ಹೋದ? ಈಗ ಇಲ್ಲೇ ಇದ್ನಲ್ಲ," ಎಂದರು ಯಾರೋ.

ವಾಹನ ತೋಫು ಅಂಗಡಿಯ ತಿರುವು ಮುಟ್ಟಿತ್ತು. ಷೆಡ್ಡಿನೊಳಗಿಂದ ನೆಗಡಿಗಂಟಲಿನ ಹಾರ್ನ್ ಕೂಗಿತು. ಎರಡು ಗಿಡ್ಡ, ಒಂದು ಉದ್ದ. ಉದ್ದದ್ದು ನಿಲ್ಲಲೇ ಇಲ್ಲ. ವಾಹನ ಕಣ್ಮರೆಯಾಗುವವರೆಗೂ ಕೂಗಿತು.

"ಒಡಿಯಮ್ಮ," ಎಂದಳು ಒಕಾನೊ.

ಫುಸಾಏ ಬಟ್ಟಲನ್ನು ಎದೆಗವಚಿಕೊಂಡು ಒಳಗೆ ಹೋದಳು. ಕಪ್ಪು ಕಿಮೊನೊದ ತೋಳು ಮಡಿಸಿ, ಸಾರಿನಡಿ ಒಲೆ ಹಚ್ಚಿದಳು.