ಐದನೆಯ ಅರ್ಥದ ಚೀಟಿ

ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ಅದನ್ನು ಮಾಡಿದವಳು ನಾನೇ. ನಾವು ಇಂಗ್ಲಿಷ್–ಕನ್ನಡ ನಿಘಂಟು ಮಾಡುವವರು; ಪದದ ಒಂದೊಂದು ಅರ್ಥಕ್ಕೂ ಕನ್ನಡದ ಮಾತು, ಇಂಗ್ಲಿಷಿನ ಉದಾಹರಣೆ ಎರಡೂ ಬೇಕು. ಮೇಜಿನ ಮುಂದೆ ಕೂತು ಉದಾಹರಣೆ ಹುಟ್ಟಿಸುವಂತಿಲ್ಲ, ಯಾರೋ ನಿಜವಾಗಿ ಆಡಿದ ಮಾತೇ ಆಗಬೇಕು. ಅದನ್ನು ಚೀಟಿಯಲ್ಲಿ ಬರೆದು, ಆಡಿದವರು ಯಾರು, ಎಲ್ಲಿ, ಯಾವಾಗ, ಅವರ ಫೋನ್ ನಂಬರೆಷ್ಟು ಎಂದು ಕೆಳಗೆ ನಮೂದಿಸಬೇಕು. ಅಚ್ಚಿಗೆ ಹೋಗುವ ಮುಂಚೆ ಸಂಪಾದಕರು ಆ ನಂಬರಿಗೆ ಫೋನ್ ಮಾಡಿ, ವಾಕ್ಯ ಓದಿ, "ನೀವು ಹೇಳಿದ್ದು ಹೌದಾ?" ಎಂದು ಕೇಳುತ್ತಾರೆ. ಹೌದು ಎಂದರೆ ಕೆಂಪು ಪೆನ್ಸಿಲಿನ ಗುರುತು ಬೀಳುತ್ತದೆ.

ಎಂಟು ವರ್ಷದ ಹಿಂದೆ ಒಬ್ಬ ಸಹಾಯಕ ಹನ್ನೆರಡು ಚೀಟಿಗಳನ್ನು ಸ್ವಂತ ತಲೆಯಿಂದಲೇ ಇಳಿಸಿದ್ದ. ಎಲ್ಲರೆದುರು ಅವನ ಮುಖದ ನೀರಿಳಿಸಿ ಈ ನಿಯಮ ತಂದೆ. ಪಾಪ, ಮರುವಾರವೇ ಕೆಲಸ ಬಿಟ್ಟ. ನನ್ನ ಬಾಯಿ ಹಾಗೆ. ಒಮ್ಮೆ ಬಿಟ್ಟರೆ ಹಿಡಿಯುವವರಿಲ್ಲ.

ಈ ತಿಂಗಳು ‘ಮಿಸ್’ ಎಂಬ ಕ್ರಿಯಾಪದ ನನ್ನ ಪಾಲಿಗೆ ಬಂತು. ನೋಡಲು ಚೋಟುದ್ದ, ಕೆಲಸ ಮಾತ್ರ ಬೆಟ್ಟದಷ್ಟು. ಬಸ್ಸು ತಪ್ಪಿದರೂ ಅದೇ, ಗುರಿ ತಪ್ಪಿದರೂ ಅದೇ. ಕರಡು ತಿದ್ದುವಾಗ ಒಂದು ಸಾಲು ಕಣ್ತಪ್ಪಿ ಹೋದರೂ, ಮಹಡಿಯಿಂದ ಬಿದ್ದ ಹೂಕುಂಡದಿಂದ ಕೂದಲೆಳೆಯಲ್ಲಿ ಪಾರಾದರೂ ಅದೇ. ಆ ನಾಲ್ಕಕ್ಕೂ ಚೀಟಿ ಸಿಕ್ಕವು. ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಮೊದಲನೆಯದಕ್ಕೆ ಡಬ್ಬಿಯೇ ತುಂಬುತ್ತದೆ.

ಕೈಕೊಟ್ಟಿದ್ದು ಐದನೆಯದು: ಒಬ್ಬರು ಹತ್ತಿರವಿಲ್ಲ ಎಂಬುದು ಮನಸ್ಸಿಗೆ ನಾಟುವ ಅರ್ಥ. ಕನ್ನಡದಲ್ಲಿ ಅದಕ್ಕೆ ಏನು ಹಾಕುವುದು? ‘ನೆನಪಾಗು’ ಎಂದು ಬರೆದೆ. "ಒಲೆ ಆರಿಸಿಲ್ಲ ಅನ್ನೋದೂ ನೆನಪಾಗುತ್ತಲ್ಲಮ್ಮ," ಎಂದು ಸಂಪಾದಕರು ಹೊಡೆದುಹಾಕಿದರು. ಬಂದಿದ್ದ ಚೀಟಿಗಳೂ ಅಷ್ಟಕ್ಕಷ್ಟೇ, ಎಲ್ಲ ಶುಭಾಶಯ ಪತ್ರಗಳಿಂದ ಎತ್ತಿದ ಮಾತುಗಳು. "ಇದನ್ನ ಯಾರೂ ಯಾರಿಗೂ ಹೇಳಿಲ್ಲ, ಅಂಗಡಿಯವನು ಮಾರಿದ್ದು," ಎಂದು ವಾಪಸು ಕೊಟ್ಟರು.

ಸೋಮವಾರ ಸಂಜೆ ಸಿಟ್ಟು ನೆತ್ತಿಗೇರಿ, ಒಂದು ಚೀಟಿ ಎಳೆದುಕೊಂಡು ಒಂದೇ ಉಸಿರಿಗೆ ಬರೆದೆ: "ಐ ಮಿಸ್ ಯುವರ್ ಸ್ಕೋಲ್ಡಿಂಗ್, ಅಕ್ಕ." ಆಡಿದವರು: ತಂಗಿ. ಎಲ್ಲಿ: ಫೋನಿನಲ್ಲಿ. ನಂಬರು ಬಾಯಿಪಾಠವಿತ್ತು. ತಂಗಿ ವಿಮಾನ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವವಳು. ಹೇಳಿದ್ದರೆ ಹೀಗೇ ಹೇಳುತ್ತಿದ್ದಳು. ಹೇಳಿರಲಿಲ್ಲ. ನಾಲ್ಕು ವರ್ಷದಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಅವಳು ಬಂದದ್ದು ಒಂದು ಗಂಟೆ ತಡವಾಗಿ. ಬಾಗಿಲಲ್ಲೇ ಏದುಸಿರು ಬಿಡುತ್ತಾ, "ಬಸ್ಸು ತಪ್ಪಿಹೋಯ್ತು ಅಕ್ಕ," ಎಂದಳು. ನರ್ಸುಗಳ ಎದುರು, ಮೊದಲೇ ಬಂದಿದ್ದ ಅವಳ ಗಂಡನ ಎದುರು ನಾನು ಅಂದೆ: "ಬಸ್ಸು ತಪ್ಪಿಲ್ಲ ಕಣೇ, ಬೇಕಂತಲೇ ತಡ ಮಾಡಿದೆ ನೀನು." ಮೂರು ವಾರ ಅಮ್ಮನ ಪಕ್ಕ ಕೂತಿದ್ದವಳು ನಾನು, ಯಾರನ್ನಾದರೂ ಬೈಯಲೇಬೇಕಿತ್ತು. ಅವಳು ಅಮ್ಮನ ಹೊದಿಕೆ ಸರಿಮಾಡಿ ಹೊರಟವಳು ಆಮೇಲೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ, ಹಟದಲ್ಲಿ ಇಬ್ಬರೂ ಅಮ್ಮನ ಮಕ್ಕಳೇ.

ಗುರುವಾರ ಬೆಳಿಗ್ಗೆ ಸಂಪಾದಕರು ಆ ಚೀಟಿ ಓದಿ ಕನ್ನಡಕ ತೆಗೆದರು. "ಇದು ಮಾತು ಅಂದ್ರೆ. ಬೈಗುಳಾನೂ ಬೇಕು ಅನ್ನಿಸೋಕೆ ಎಷ್ಟು ಪ್ರೀತಿ ಇರ್ಬೇಕು! ಇದನ್ನೇ ಮೊದಲು ಹಾಕೋಣ." ಎಂದವರೇ ಫೋನ್ ಎತ್ತಿ ನಂಬರು ಒತ್ತತೊಡಗಿದರು.

ಕಚೇರಿಯಲ್ಲಿ ಮಾನ ಹೋಗುವುದಿರಲಿ. ಆಡದ ಮಾತನ್ನು ಅಕ್ಕ ತನ್ನ ಬಾಯಿಗೆ ತುರುಕಿದ್ದಾಳೆ ಎಂದು ತಂಗಿಗೆ ತಿಳಿದರೆ ಇನ್ನು ಈ ಜನ್ಮದಲ್ಲಿ ಅವಳು ನನ್ನ ಮುಖ ನೋಡುವುದಿಲ್ಲ. ಅತ್ತ ರಿಂಗಾಗತೊಡಗಿತು. ನಾನು ಬಗ್ಗಿ ಫೋನಿನ ಗುಂಡಿ ಅದುಮಿಬಿಟ್ಟೆ.

"ಅವಳು ಹೇಳಿಲ್ಲ ಸಾರ್. ನಾನೇ ಹುಟ್ಟಿಸಿದ್ದು."

ಸಂಪಾದಕರು ರಿಸೀವರನ್ನು ಮೆಲ್ಲಗೆ ಇಟ್ಟರು. "ಆ ಹುಡುಗನಿಗೆ ನೀವು ಏನಂದಿದ್ರಿ, ನೆನಪಿದೆಯಾ?"

"ಇದೆ ಸಾರ್."

ಕೂಗಾಡಿದ್ದರೆ ವಾಸಿಯಿತ್ತು. ಚೀಟಿಯನ್ನು ಎರಡಾಗಿ ಹರಿದು, ಒಂದು ಖಾಲಿ ಚೀಟಿ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಅಚ್ಚಿಗೆ ಹೋಗುತ್ತೆ. ಐದನೇ ಅರ್ಥ ಬಿಟ್ಟುಹೋದ್ರೂ ಪರವಾಗಿಲ್ಲ, ಸುಳ್ಳು ಹೋಗೋದು ಬೇಡ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅವರು ನನ್ನತ್ತ ಕೈತೋರಿದರು, ನಾನು ಎತ್ತಿದೆ.

"ಈ ನಂಬರಿಂದ ಮಿಸ್ಡ್ ಕಾಲ್ ಇತ್ತು. ಯಾರು ಮಾತಾಡ್ತಿರೋದು?"

ಆ ದನಿಯ ಅವಸರ ಹಾಗೇ ಇತ್ತು. ಇಟ್ಟುಬಿಡಬಹುದಿತ್ತು. "ನಾನು ಕಣೇ," ಎಂದೆ.

ಅವಳ ಹಿಂದೆ ಯಾವುದೋ ವಿಮಾನದ ಪ್ರಕಟಣೆ ಕೇಳಿಸಿ ಮುಗಿಯಿತು. "ಏನಾಯ್ತು? ಹುಷಾರಾಗಿದ್ದೀಯ ತಾನೇ?"

"ಹುಷಾರಾಗಿದ್ದೀನಿ. ಒಂದು ಸುಳ್ಳು ಬರೆದು ಸಿಕ್ಕಿಬಿದ್ದೆ." ಎಲ್ಲ ಹೇಳಿದೆ, ಹರಿದ ಚೀಟಿಯ ಎರಡು ತುಂಡು ಜೋಡಿಸಿ ವಾಕ್ಯವನ್ನೂ ಓದಿದೆ.

"ನಿನ್ನ ಬೈಗುಳಕ್ಕೆ ನಾನು ಹಂಬಲಿಸ್ತೀನಿ ಅಂತ ಬರೆದ್ಯಾ? ಎಷ್ಟು ಕೊಬ್ಬೇ ನಿಂಗೆ." ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ ದನಿ ತಗ್ಗಿತು. "ಆವತ್ತು ನಿಜವಾಗ್ಲೂ ಬಸ್ಸು ತಪ್ಪಿತ್ತು ಅಕ್ಕ. ಅರ್ಧ ದಾರಿ ಓಡ್ಕೊಂಡೇ ಬಂದೆ."

"ಗೊತ್ತು. ಆವತ್ತೇ ಗೊತ್ತಿತ್ತು. ನಿನ್ನ ಒಂದು ಚಪ್ಪಲಿ ಕಿತ್ತು ಕೈಯಲ್ಲಿತ್ತು. ಅದನ್ನ ನೋಡಿಯೂ ಅಂದೆ." ಚೀಟಿಯ ತುಂಡುಗಳನ್ನು ಮೇಜಿನ ಮೇಲಿಟ್ಟೆ. "ತಪ್ಪಾಯ್ತು ಕಣೇ. ನೀನಿಲ್ಲದೆ ಮನೆಯೆಲ್ಲ ಬಿಕೋ ಅನ್ನುತ್ತೆ. ಬೈಯೋಕೂ ಯಾರೂ ಇಲ್ಲ."

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಭಾನುವಾರ ರಜೆ ಇದೆ. ಮೊದಲನೇ ಬಸ್ಸಿಗೇ ಬರ್ತೀನಿ."

"ಅದು ತಪ್ಪಿದ್ರೆ ಮುಂದಿನದಕ್ಕೆ ಬಾ. ಕಾಯ್ತಿರ್ತೀನಿ," ಎಂದೆ.

ಫೋನ್ ಇಟ್ಟು ತಿರುಗಿದರೆ ಸಂಪಾದಕರು ಆ ಖಾಲಿ ಚೀಟಿಯ ಮೇಲೆ ಬರೆಯುತ್ತಿದ್ದರು. "ಕನ್ನಡ ಸಿಕ್ತು. ಇಂಗ್ಲಿಷ್ ಉದಾಹರಣೇನ ನಾಳೆಯೊಳಗೆ ಹುಡುಕೋಣ," ಎಂದು ನನ್ನತ್ತ ಸರಿಸಿದರು. ‘ನೀನಿಲ್ಲದೆ ಮನೆಯೆಲ್ಲ ಬಿಕೋ ಅನ್ನುತ್ತೆ.’ ಆಡಿದವರು: ಅಕ್ಕ. ಎಲ್ಲಿ: ಕಚೇರಿಯ ಫೋನಿನಲ್ಲಿ. ತಾರೀಖು ಇಂದಿನದು, ನಂಬರು ನನ್ನದು.

"ಸರಿ ಇದೆ ಸಾರ್," ಎಂದೆ.

"ಹಾಗಲ್ಲ. ನಿಯಮ ಅಂದ್ರೆ ನಿಯಮ." ಅವರು ಮತ್ತೆ ಫೋನ್ ಎತ್ತಿದರು. ನನ್ನ ಚೀಲದೊಳಗೆ ಮೊಬೈಲು ಬಡಿದುಕೊಂಡಿತು. ಮೇಜಿನ ಆಚೆ ಅವರು, ಈಚೆ ನಾನು, ಎತ್ತಿ ಕಿವಿಗಿಟ್ಟುಕೊಂಡೆ. ಅವರು ವಾಕ್ಯವನ್ನು ನಿಧಾನವಾಗಿ ಓದಿ, "ನೀವು ಹೇಳಿದ್ದು ಹೌದಾ?" ಎಂದು ಕೇಳಿದರು.

ಹೌದು ಎನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ಕೆಂಪು ಪೆನ್ಸಿಲ್ ಹಿಡಿದು ಕಾದರು.